ಫ್ರಿಜ್ಜಿನಲ್ಲಿ ಮಲಗಿದ್ದ ಬೇರು

ಮಲೇಷ್ಯಾದ ಮೆಲಾಕಾದಲ್ಲಿ ಗಿಡ ಬೆಳೆಸಿದೆ ಎಂದು ಯಾರಾದರೂ ಜಂಬ ಕೊಚ್ಚಿಕೊಂಡರೆ ನಂಬಬೇಡಿ. ಇಲ್ಲಿ ಗಿಡಗಳು ಬೆಳೆಯುವುದು ನಮ್ಮಿಂದಲ್ಲ, ನಮ್ಮನ್ನು ಲೆಕ್ಕಿಸದೆ. ಮಾವಿನ ಗೊರಟೆ ಎಸೆದು ಕೈ ತೊಳೆದು ಬರುವಷ್ಟರಲ್ಲಿ ಅದು ಮೊಳೆತಿರುತ್ತದೆ. ನನ್ನ ಗಂಡ ಪ್ರಶಾಂತ ನಮ್ಮ ಹಿತ್ತಲಿನ ಕರಿಬೇವಿಗೆ ಒಂದು ಚೊಂಬು ನೀರು ಹಾಕಿದ್ದನ್ನು ನಾನು ಕಂಡಿಲ್ಲ. ಆದರೂ ಅದು ಸೂರು ಮುಟ್ಟಿದ ದಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಮೈಸೂರಿನ ನೆಂಟರಿಗೆಲ್ಲ ಕಳಿಸಿದ. ಅವರೂ ಭೇಷ್ ಎಂದರು.

ಪಕ್ಕದ ಮನೆಯ ವಾರಿಜಕ್ಕನಿಗೆ ಇಂಥ ಗಿಡಗಳೆಂದರೆ ತಾತ್ಸಾರ. ಕರೆಯದೆ ಬಂದು ಉಂಡು ಹೋಗುವ ನೆಂಟರಿಗೆ ಕೊಡುವಷ್ಟೇ ಮರ್ಯಾದೆಯನ್ನು ಅವಳು ಅವಕ್ಕೆ ಕೊಡುತ್ತಿದ್ದಳು. ಕಾರ್ಕಳದವಳು, ಉಡುಪಿಯಲ್ಲಿ ಸಸ್ಯಶಾಸ್ತ್ರ ಓದಿದವಳು. ಗಂಡ ಜಯರಾಮ ಡಾಕ್ಟರಿಗೆ ಇಲ್ಲಿಯ ಮೆಡಿಕಲ್ ಕಾಲೇಜೊಂದರಲ್ಲಿ ಫಿಸಿಯಾಲಜಿ ಪಾಠ ಮಾಡುವ ಕೆಲಸ ಸಿಕ್ಕಿತು, ಅವಳೂ ಬಂದಳು, ಓದಿದ ಶಾಸ್ತ್ರ ಉಡುಪಿಯಲ್ಲೇ ಉಳಿಯಿತು. ವೀಸಾದ ಪ್ರಕಾರ ಅವಳು ಗಂಡನ ಅವಲಂಬಿತೆ. ಆ ಮನೆಯಲ್ಲಿ ಯಾರು ಯಾರನ್ನು ಅವಲಂಬಿಸಿದ್ದಾರೆ ಎಂದು ಇಮಿಗ್ರೇಷನ್ನಿನವರು ಒಂದು ದಿನ ಬಂದು ನೋಡಿದ್ದರೆ ಕೂಡಲೇ ಸ್ಟ್ಯಾಂಪು ತಿದ್ದುತ್ತಿದ್ದರು. ಡಾಕ್ಟರಿಗೆ ತಮ್ಮ ಕಾಲುಚೀಲ ಎಲ್ಲಿದೆ ಎಂದು ಕೂಡ ಗೊತ್ತಿರಲಿಲ್ಲ.

ಅವಳಿಗೆ ಬೇಕಾದದ್ದು ಬೆಳೆಯಲು ಒಪ್ಪದ ಗಿಡಗಳು. ಲ್ಯಾವೆಂಡರ್ ತಂದಳು, ಅದು ಈ ಸೆಕೆಗೆ ಬೇಯಿಸಿದ ಸೊಪ್ಪಿನ ಹಾಗೆ ಕುಸಿಯಿತು. ಸೇಬಿನ ಬೀಜ ಹಾಕಿದಳು, ಮೊಳಕೆ ಹೊರಗೆ ತಲೆ ಹಾಕಿ ನೋಡಿ ಮನಸ್ಸು ಬದಲಾಯಿಸಿತು. ಬಿಡಲಿಲ್ಲ. ಮಾತು ಕೇಳದವರನ್ನು ಪುಸಲಾಯಿಸಿ ದಾರಿಗೆ ತರುವುದರಲ್ಲಿ ಅವಳಿಗೊಂದು ಸುಖವಿತ್ತು. ಗಂಡನ ಮೇಲೆ ಅದು ನಡೆಯದ್ದರಿಂದ ಗಿಡಗಳ ಮೇಲೆ ತಿರುಗಿತ್ತು ಎಂಬುದು ನನ್ನ ಅಭಿಪ್ರಾಯ.

ಐವತ್ತು ಹತ್ತಿರ ಬಂದಾಗ ಅವಳಿಗೆ ಬೆಂಕಿ ಶುರುವಾಯಿತು. ನಾನು ಮೊದಲು ನೋಡಿದ್ದು ಇಲ್ಲಿ ಮಾಮಾಕ್ ಎಂದು ಕರೆಯುವ ತಮಿಳು ಮುಸ್ಲಿಮರ ಒಂದು ಹೋಟೆಲಿನಲ್ಲಿ. ಇಬ್ಬರೂ ಪರೋಟದಂಥ ರೊಟ್ಟಿ ಚನಾಯ್ ತಿನ್ನುತ್ತಾ ಮೂರನೆಯವರನ್ನು ಆಡಿಕೊಳ್ಳುತ್ತಿದ್ದೆವು. ಮಾತಿನ ನಡುವೆ ಅವಳ ಕುತ್ತಿಗೆ, ಕಿವಿ, ಕೆನ್ನೆ ಕೆಂಪಾಗಿ ಬೆವರು ಕಿತ್ತುಕೊಂಡಿತು. ಐಸ್ ಮೈಲೋ ಗ್ಲಾಸನ್ನು ಎತ್ತಿ ಕುಡಿಯುವ ಬದಲು ಕುತ್ತಿಗೆಗೆ ಒತ್ತಿ ಹಿಡಿದಳು. ಮೆಲಾಕಾದ ಸೆಕೆ ಹೊರಗಿನಿಂದ ಬರುವಂಥದ್ದು, ಅದಕ್ಕೆ ಫ್ಯಾನು ಸಾಕು. ಇದು ಒಳಗಿನಿಂದ ಹೊತ್ತಿಕೊಳ್ಳುವಂಥದ್ದು. ತಿಂಗಳ ಲೆಕ್ಕ ತಪ್ಪಿ, ಆಮೇಲೆ ಅದೂ ನಿಂತಿತು. ನಿದ್ದೆ ಹೋಯಿತು. ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು.

ಇಲ್ಲಿ ಒಂದು ತಮಾಷೆ ಕೇಳಿ. ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲದ ಬಗ್ಗೆ ಜಯರಾಮ ಡಾಕ್ಟರು ಮಾಡುವ ಪಾಠ ಕಾಲೇಜಿನಲ್ಲೆಲ್ಲ ಪ್ರಸಿದ್ಧ. ಯಾವ ಹಾರ್ಮೋನು ಇಳಿಯುತ್ತದೆ, ಯಾವುದು ಏರುತ್ತದೆ, ಮೈ ಯಾಕೆ ಸುಡುತ್ತದೆ ಎಂದು ಬಣ್ಣಬಣ್ಣದ ಬಾಣ ಹಾಕಿದ ಸ್ಲೈಡುಗಳು. ವಿದ್ಯಾರ್ಥಿಗಳು ಮೆಚ್ಚಿ ಕೊಟ್ಟ ಫಲಕ ಅವರ ಮನೆಯ ಟಿವಿಯ ಪಕ್ಕದಲ್ಲೇ ಇದೆ. ಅದೇ ಪಾಠ ನಡೆದುಕೊಂಡು ಮನೆಯೊಳಗೆ ಬಂದಾಗ ಮಾತ್ರ ಡಾಕ್ಟರಿಗೆ ಅದರ ಗುರುತು ಸಿಗಲಿಲ್ಲ. ಥೈರಾಯ್ಡ್ ಇರಬೇಕೆಂದರು, ರಕ್ತ ತೆಗೆಸಿದರು. ಸಕ್ಕರೆ ನೋಡಿಸಿದರು. ಖಾರ ಕಮ್ಮಿ ಮಾಡು ಎಂದರು. ಅವಳು ಏಸಿ ತಣ್ಣಗೆ ಮಾಡಿದರೆ ಅವರು ಕಂಬಳಿ ಹೊದ್ದು ರಿಮೋಟು ದಿಂಬಿನಡಿ ಇಟ್ಟುಕೊಂಡು ಮಲಗಿದರು. ಅವಳು ಫ್ರಿಜ್ಜು ತೆರೆದು ಅದರೆದುರು ನಿಂತರೆ, ಬಾಗಿಲು ಮುಚ್ಚು, ಹಾಲು ಹಾಳಾಗ್ತದೆ ಎಂದರು.

ಅವಳೂ ಬಾಯಿಬಿಟ್ಟು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನಾನು ಜಗಳವನ್ನೇ ಆಡಿದೆ. ಅವರ ಮನೆಯಲ್ಲಿ ಮುಟ್ಟಿಗೆ 'ಹೊರಗೆ' ಎನ್ನುತ್ತಾರೆ. ಮುಟ್ಟೇ ನಿಂತುಹೋದರೆ ಏನನ್ನಬೇಕು ಎಂದು ಯಾವ ಅಜ್ಜಿಯೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಡಾಕ್ಟರು ಮನೆಯಲ್ಲಿ ಆ ಇಡೀ ಅಧ್ಯಾಯಕ್ಕೆ 'ಲೇಡೀಸ್ ಪ್ರಾಬ್ಲಮ್' ಎಂಬ ಹೊದಿಕೆ ಹೊದಿಸಿ ಮೂಲೆಯಲ್ಲಿಟ್ಟಿದ್ದರು. ಇಷ್ಟಕ್ಕೂ ಅವಳಿಗೆ ಬೇಕಿದ್ದದ್ದು ಔಷಧವಲ್ಲ. ಅವರಾಗಿಯೇ ಒಂದು ಸಲ ಕೇಳಲಿ ಎಂದಿತ್ತು. ಇಂಥ ಹಟಕ್ಕೆ ನಮ್ಮಲ್ಲಿ ಸಂಸಾರ ಎಂದು ಹೆಸರು.

ಕೊನೆಗೆ ನಾನೇ ಅವಳನ್ನು ಮಾಲ್‌ನಲ್ಲಿರುವ ಔಷಧಿ ಅಂಗಡಿಗೆ ಎಳೆದುಕೊಂಡು ಹೋದೆ. ಅಲ್ಲಿ ಈ ತಾಪಕ್ಕೆಂದೇ ಒಂದು ಇಡೀ ಕಪಾಟು. ಅಂಗಡಿಯ ಹುಡುಗಿ ತೆಗೆದುಕೊಟ್ಟ ಡಬ್ಬಿಯ ಮೇಲೆ 'ಬ್ಲ್ಯಾಕ್ ಕೋಹೋಷ್' ಎಂದಿತ್ತು, ಪಕ್ಕದಲ್ಲಿ ಒಂದು ಗಿಡದ ಚಿತ್ರ. ಮರಗಳ ನೆರಳಲ್ಲಿ ಆಳೆತ್ತರ ನಿಂತ ಗಿಡ, ತುದಿಯಲ್ಲಿ ಉದ್ದುದ್ದ ಬಿಳಿ ಹೂಗೊನೆಗಳು. ನನಗೆ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಕಂಡಿತು. ವಾರಿಜಕ್ಕ ಮಾತ್ರ ಗುಳಿಗೆಯನ್ನು ಮರೆತು ಚಿತ್ರವನ್ನೇ ನೋಡುತ್ತಾ ನಿಂತಳು.

ಗುಳಿಗೆಯಿಂದ ಉಪಯೋಗವಾಯಿತೋ ಇಲ್ಲವೋ ದೇವರಿಗೇ ಗೊತ್ತು. ಅದರ ಬಗ್ಗೆ ವೈದ್ಯರಲ್ಲೂ ಒಮ್ಮತವಿಲ್ಲವಂತೆ. ಡಬ್ಬಿ ಖಾಲಿಯಾದ ಮೇಲೆ ಅವಳು ಮತ್ತೆ ಕೊಳ್ಳಲಿಲ್ಲ. ಗಿಡದ ಜಾತಕವನ್ನು ಮಾತ್ರ ಪೂರ್ತಿ ಓದಿದಳು. ಅಮೆರಿಕದ ಚಳಿ ಕಾಡುಗಳದ್ದು. ವರ್ಷ ವರ್ಷ ಮೇಲೆ ಒಣಗಿ, ಬೇರು ಮಣ್ಣಿನಲ್ಲಿ ಮಲಗಿ, ಚಳಿ ಕಳೆದ ಮೇಲೆ ಮತ್ತೆ ಏಳುವಂಥದ್ದು. ಅದರ ದಾಯಾದಿಗಳಲ್ಲಿ ಒಬ್ಬ ನಾನ್ ರೊಟ್ಟಿಯ ಮೇಲೆ ಉದುರಿಸುವ ಕಲೋಂಜಿ, ಇನ್ನೊಬ್ಬ ವಿಷದ ವತ್ಸನಾಭಿ. ಒಬ್ಬ ಅಡುಗೆಯವನು, ಒಬ್ಬ ಕೊಲೆಗಾರ, ಒಳ್ಳೇ ಮನೆತನ ಎಂದೆ. ಎಲ್ಲರ ಮನೆಯಲ್ಲೂ ಹೀಗೇ ಅಲ್ಲವಾ ಎಂದಳು ವಾರಿಜಕ್ಕ.

ಕ್ಯಾಮರಾನ್ ಹೈಲ್ಯಾಂಡ್ಸ್ ಎಂಬ ತಂಪು ಬೆಟ್ಟಕ್ಕೆ ನಾವೆಲ್ಲ ಸ್ಟ್ರಾಬೆರಿ ತಿನ್ನಲು ಹೋದಾಗ ಅವಳು ನರ್ಸರಿ ನರ್ಸರಿ ಅಲೆದು ಈ ಗಿಡವನ್ನು ಪತ್ತೆ ಮಾಡಿದಳು. ನರ್ಸರಿಯೊಂದರ ಒಡತಿ, ಮಿಸೆಸ್ ಲಿಯೋಂಗ್ ಎಂಬ ಸಿಡುಕಿನ ಹೆಂಗಸು ಯಾವುದೋ ಕಾಲದಲ್ಲಿ ಶೋಕಿಗೆ ತರಿಸಿ, ಹೂ ಬಿಡದೆ ಬೇಸತ್ತು, ಮೂಲೆಗೆ ತಳ್ಳಿದ್ದಳು. ಕೊಡುವಾಗಲೂ ಇಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ ಬೈದೇ ಕೊಟ್ಟಳು. ಇದಕ್ಕೆ ತಣ್ಣಗೆ ಮಲಗಬೇಕು ಲಾ, ಈ ದೇಶದಲ್ಲಿ ಇದನ್ನು ಯಾರು ಮಲಗಲು ಬಿಡುತ್ತಾರೆ ಎಂದಳು.

ವಾರಿಜಕ್ಕ ಬಿಟ್ಟಳು. ಗಿಡವನ್ನು ಮನೆಯ ಹಿಂದೆ ವಾಷಿಂಗ್ ಮೆಷಿನ್ನಿನ ನೆರಳಲ್ಲಿಟ್ಟು ಅದಕ್ಕೊಂದು ಟೇಬಲ್ ಫ್ಯಾನು ಹಾಕಿದಳು. ಗಣೇಶ ಹಬ್ಬ ಕಳೆಯುತ್ತಲೇ ಅದರ ಎಲೆ ಕತ್ತರಿಸಿ, ಬೇರನ್ನು ತೊಳೆದು, ಒದ್ದೆ ತೆಂಗಿನನಾರಿನಲ್ಲಿ ಸುತ್ತಿ, ಖಾಲಿ ಐಸ್ ಕ್ರೀಮ್ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಕರಿಬೇವಿನಡಿ ಮಲಗಿಸಿದಳು. ನಮ್ಮವರ ಮನೆಗಳಲ್ಲಿ ಐಸ್ ಕ್ರೀಮ್ ಡಬ್ಬಿಯೊಳಗೆ ಐಸ್ ಕ್ರೀಮ್ ಒಂದನ್ನು ಬಿಟ್ಟು ಬೇರೆಲ್ಲವೂ ಇರುವುದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಸಂಕ್ರಾಂತಿಗೆ ಹೊರಗೆ ತೆಗೆದು ನೆಡುವುದು. ಮೆಲಾಕಾದಲ್ಲಿ ಚಳಿಗಾಲವಿಲ್ಲ, ಅವಳ ಫ್ರಿಜ್ಜಿನಲ್ಲಿತ್ತು. ಕುಂಡ ಬರಿದಾದದ್ದು ಕಂಡು ಡಾಕ್ಟರು, ನಿನ್ನ ಗಿಡ ಪುನಃ ಸತ್ತಿತಾ ಎಂದು ಕೇಳಿದರೆ ಹೌದು ಎಂದುಬಿಡುತ್ತಿದ್ದಳು. ನಿಜ ಹೇಳಿದರೆ ಹೆಸರು ಕೇಳುತ್ತಾರೆ, ಹೆಸರು ಗೊತ್ತಾದರೆ ಅದು ಯಾವುದರ ಮದ್ದೆಂದು ತಿಳಿಯುತ್ತದೆ, ಆಗ ತಾನೇ ಹೇಳಿದ ಹಾಗಾಗುತ್ತದೆ. ಹಟ ಎಂದೆನಲ್ಲ.

ಮೊದಲ ಸಲ ನಾಲ್ಕು ಎಲೆ ಬಂತು. ಮುಂದಿನ ಸಲ ಗಿಡ ಸೊಂಟದವರೆಗೆ ಬೆಳೆಯಿತು, ಹೂವಿಲ್ಲ. ಈ ವರ್ಷ ಸಂಕ್ರಾಂತಿಗೆ ಇನ್ನೇನು ಕೆಲವೇ ದಿನ ಇರುವಾಗ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲ ಕಡೆ ಒಂದು ಕಣ್ಣಿಟ್ಟು, ಡಬ್ಬಿ ತೆರೆದು ತೋರಿಸಿದಳು. ಕಪ್ಪು, ಗಂಟುಗಂಟಾದ, ಯಾವ ಕೋನದಿಂದಲೂ ಚಂದವಿಲ್ಲದ ಬೇರು. ಅದರ ನೆತ್ತಿಯಲ್ಲಿ ಬೆರಳು ಗಾತ್ರದ ಗುಲಾಬಿ ಬಣ್ಣದ ಮೊಗ್ಗುಗಳು. ಅವಳು ಅವನ್ನು ಮುಟ್ಟಲಿಲ್ಲ, ಮುಟ್ಟಲು ಹೋದ ನನ್ನ ಕೈಗೊಂದು ಏಟು ಕೊಟ್ಟಳು.

"ಈ ಸಲ ಹೂ ಬಿಡ್ತದೆ ವೇದಾ. ಯಾರಿಗೂ ಹೇಳ್ಲಿಕ್ಕಾಗದ ವರ್ಷಗಳು ಇವು. ಇಷ್ಟಕ್ಕೆಲ್ಲ ಕಡೆಗೆ ಒಂದು ಹೂವಾದ್ರೂ ಬರ್ಬೇಕಲ್ಲ" ಎಂದಳು.

ನಾನು ಸುಲಭಕ್ಕೆ ಅಳುವವಳಲ್ಲ, ಅದಕ್ಕೇ ಡಬ್ಬಿಯ ಮೇಲಿನ ಚಾಕಲೇಟ್ ಐಸ್ ಕ್ರೀಮಿನ ಚಿತ್ರದ ಬಗ್ಗೆ ಏನೋ ಒಂದು ಕೊಂಕು ಹೇಳಿ ಮನೆಗೆ ಬಂದೆ.

ಈಗ ತಂಬುಳಿಯ ವಿಷಯಕ್ಕೆ ಬರೋಣ. ಜಯರಾಮ ಡಾಕ್ಟರಿಗೆ ಅಡುಗೆಯಲ್ಲಿ ಬರುವುದು ಅದೊಂದೇ. ಸೊಪ್ಪೋ ಬೇರೋ ಒಂದನ್ನು ತೆಂಗಿನಕಾಯಿ, ಜೀರಿಗೆ, ಮೆಣಸಿನ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಅಷ್ಟಕ್ಕೆ ಅವರು ಲುಂಗಿ ಎತ್ತಿ ಕಟ್ಟಿ, ಹೆಗಲಿಗೆ ಟವೆಲ್ ಹಾಕಿ, ಹತ್ತು ಪಾತ್ರೆ ಹೊಲಸು ಮಾಡುತ್ತಾರೆ. ನಮ್ಮ ಕನ್ನಡ ಬಳಗದ ಊಟಗಳಲ್ಲಿ ಉಳಿದದ್ದೆಲ್ಲವನ್ನೂ ಬೇಯಿಸಿದ ಹೆಂಗಸರಿಗೆ ಒಂದು ಥ್ಯಾಂಕ್ಸು, ತಂಬುಳಿ ಕಲಸಿದ ಡಾಕ್ಟರಿಗೆ ಚಪ್ಪಾಳೆ. ಬಳಗ ಎಂದೆನಲ್ಲ, ಮೆಲಾಕಾದಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು, ಬಳಗಗಳು ಎರಡು. ನಮ್ಮದರ ಅಧ್ಯಕ್ಷರು ನಂಜುಂಡಪ್ಪನವರು, ಮೈಸೂರಿನ ಕಡೆಯ ನಿವೃತ್ತ ಇಂಜಿನಿಯರು, ಬೇರೆ ಯಾರೂ ಆ ಕುರ್ಚಿ ಕೇಳದಿದ್ದರಿಂದ ಆಜೀವ ಅಧ್ಯಕ್ಷರು.

ಸಂಕ್ರಾಂತಿಯ ಭಾನುವಾರ ಬಳಗದ ಊಟ ವಾರಿಜಕ್ಕನ ಮನೆಯಲ್ಲಿ. ಬೆಳಗ್ಗೆ ನಾನೂ ಅವಳೂ ತಮಿಳರ ಅಂಗಡಿಗೆ ಹೋದೆವು. ಪೊಂಗಲ್ ಬೇರೆ, ಅಂಗಡಿಯಲ್ಲಿ ಕಬ್ಬಿನ ಜಲ್ಲೆಗಳ ನಡುವೆ ಕಾಲಿಡಲು ಜಾಗವಿಲ್ಲ. ಬಾಳೆಎಲೆಗೆ ಒಂದು ಸಾಲು, ಅರಿಶಿನದ ಕೊಂಬಿಗೆ ಇನ್ನೊಂದು ಸಾಲು. ಎಲ್ಲ ಮುಗಿಸಿ ಬರುವಷ್ಟರಲ್ಲಿ ತಡವಾಯಿತು. ನಾವು ಬಂದಾಗ ಬಳಗದವರೂ ಬಂದಿದ್ದರು, ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ ತಂಬುಳಿಯ ದೊಡ್ಡ ಬೋಗುಣಿಯ ಪಕ್ಕ ನಿಂತಿದ್ದರು.

ಹಿಂದಿನ ಕತೆ ನಮಗೆ ಆಮೇಲೆ ತಿಳಿಯಿತು. ತಂಬುಳಿಗೆಂದು ತಂದಿಟ್ಟ ಮಾವಿನಶುಂಠಿ ಸಾಲದೆಂದು ಡಾಕ್ಟರು ಫ್ರಿಜ್ಜು ಹುಡುಕಿದ್ದಾರೆ. ಕರಿಬೇವಿನಡಿ ಡಬ್ಬಿ ಸಿಕ್ಕಿದೆ, ಡಬ್ಬಿಯೊಳಗೆ ಬೇರು. ಗುರುತಿಲ್ಲದ ಬೇರು ಫ್ರಿಜ್ಜಿನಲ್ಲಿ ಜೋಪಾನವಾಗಿ ಸುತ್ತಿಟ್ಟಿದೆ ಎಂದರೆ ಬೇರೆ ಯಾರಾದರೂ ಅನುಮಾನಪಟ್ಟಾರು. ನಮ್ಮ ಕರಾವಳಿಯವರ ತಲೆ ಹಾಗೆ ಓಡುವುದಿಲ್ಲ. ಗುರುತಿಲ್ಲದ ಬೇರು ಎಂದರೆ ಊರಿನಿಂದ ಯಾರದ್ದೋ ಸೂಟ್‌ಕೇಸಿನಲ್ಲಿ ಬಂದದ್ದು. ಊರಿನಿಂದ ಬಂದದ್ದು ಎಂದರೆ ಔಷಧ. ಔಷಧ ಎಂದರೆ ತಂಬುಳಿ. ತುದಿ ಮುರಿದು ನಾಲಗೆಗೆ ಹಚ್ಚಿ ನೋಡಿದರಂತೆ, ವಿಪರೀತ ಕಹಿ. ಅಲ್ಲಿಗೆ ಇದ್ದ ಚೂರುಪಾರು ಸಂಶಯವೂ ಹೋಯಿತು, ಕಹಿ ಇದ್ದ ಮೇಲೆ ಒಳ್ಳೆಯದೇ. ಮೊಗ್ಗುಗಳನ್ನು ಎಳೆಯ ಭಾಗವೆಂದು ಮೊದಲು ರುಬ್ಬಿದರಂತೆ.

ಊಟಕ್ಕೆ ಕೂತೆವು. ಗಂಡಸರದ್ದು ಒಂದು ಪಂಕ್ತಿ, ಎದುರಿಗೆ ಹೆಂಗಸರದ್ದು. ವಾರಿಜಕ್ಕ ಎಂದಿನಂತೆ ನಿಂತುಕೊಂಡು ಬಡಿಸುತ್ತಿದ್ದಳು. ಡಾಕ್ಟರು ತಂಬುಳಿಯನ್ನು ಬೇರೆಯವರ ಕೈಗೆ ಕೊಡದೆ ತಾವೇ ಲೋಟಲೋಟಕ್ಕೂ ಹಾಕಿದರು, ಊರಿನ ಅಪರೂಪದ ಬೇರು, ಹೊಟ್ಟೆಗೆ ಭಾರೀ ಒಳ್ಳೇದು ಎಂಬ ವಿವರಣೆಯ ಸಮೇತ. ಗಂಡಸರಿಗೇ ಮೊದಲು ಹಾಕಿದ್ದರಿಂದ ಹೆಂಗಸರ ಪಂಕ್ತಿ ಸದ್ಯಕ್ಕೆ ಬಚಾವಾಯಿತು. ಪ್ರಶಾಂತ ಒಂದು ಗುಟುಕಿಗೆ ಕಣ್ಣು ಮುಚ್ಚಿಕೊಂಡ. ನಂಜುಂಡಪ್ಪನವರು ಮುಖವನ್ನು ಒಮ್ಮೆ ಹಿಂಡಿ, ಮೈಯೆಲ್ಲ ಹಗುರ ಆದ ಹಾಗಿದೆ ಎಂದು ಲೋಟ ಮತ್ತೆ ಮುಂದೆ ಹಿಡಿದರು.

ವಾರಿಜಕ್ಕ ತುಪ್ಪ ತರಲು ಒಳಗೆ ಹೋದಳು. ಹಪ್ಪಳದ ತಟ್ಟೆಗೆಂದು ನಾನೂ ಹಿಂದೆಯೇ ಹೋದೆ. ಸಿಂಕಿನ ಪಕ್ಕ, ತೊಳೆದ ಪಾತ್ರೆಗಳ ನಡುವೆ, ಚಾಕಲೇಟ್ ಐಸ್ ಕ್ರೀಮಿನ ಚಿತ್ರವಿದ್ದ ಡಬ್ಬಿ ಬೋರಲಾಗಿ ಒಣಗುತ್ತಿತ್ತು. ಡಾಕ್ಟರು ಜೀವಮಾನದಲ್ಲಿ ತೊಳೆದ ಏಕೈಕ ಡಬ್ಬಿ ಅದು. ಕಸದ ಬುಟ್ಟಿಯಲ್ಲಿ ತೆಂಗಿನನಾರು. ಅವಳು ಫ್ರಿಜ್ಜಿನ ಕೆಳಗಿನ ಖಾನೆ ಎಳೆದಳು, ಕರಿಬೇವನ್ನು ಎತ್ತಿ ನೋಡಿದಳು, ಮತ್ತೆ ಮೊದಲಿದ್ದ ಹಾಗೆಯೇ ಇಟ್ಟಳು. ಮಿಕ್ಸಿಯ ಜಾರಿನ ಅಂಚಿನಲ್ಲಿ ಗುಲಾಬಿ ಬಣ್ಣದ ಒಂದು ಚೂರು ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ನಾನು ಅವಳ ತೋಳು ಹಿಡಿದುಕೊಂಡೆ. ಅದು ಸುಡುತ್ತಿತ್ತು, ಆ ಹೊತ್ತಿಗೇ ಆ ಹಾಳು ಬೆಂಕಿಯೂ ಹತ್ತಿಕೊಂಡಿತ್ತು. ಕಿವಿಯಿಂದ ಕುತ್ತಿಗೆಗೆ ಬೆವರು ಇಳಿಯುತ್ತಿತ್ತು.

ನಾನಾಗಿದ್ದರೆ ಮಿಕ್ಸಿ ಎತ್ತಿ ಎಸೆಯುತ್ತಿದ್ದೆ. ಅವಳು ತುಪ್ಪದ ಗಿಂಡಿ ಬಿಟ್ಟು ಖಾಲಿ ಡಬ್ಬಿ ಹಿಡಿದುಕೊಂಡು ಹೊರಗೆ ಹೋದಳು, ಹಪ್ಪಳದ ತಟ್ಟೆ ಹಿಡಿದು ನಾನೂ ಹಿಂದೆಯೇ ಹೋದೆ.

"ಇದರೊಳಗೆ ಇದ್ದದ್ದನ್ನು ಎಂತ ಮಾಡಿದ್ರಿ?" ಎಂದಳು.

ಡಾಕ್ಟರು ಹೆಮ್ಮೆಯಿಂದಲೇ ಬೋಗುಣಿ ತೋರಿಸಿದರು. ಯಾರು ಕಳಿಸಿದ್ದು, ಕಾರ್ಕಳದ ಅತ್ತೆಯಾ ಎಂದೂ ಕೇಳಿದರು. ಹೆಂಡತಿಯ ಮುಖ ನೋಡಿದ ಮೇಲೆ ಸೌಟು ಹಿಡಿದ ಕೈ ನಿಂತಿತು.

"ಅದು ಊರಿನದ್ದಲ್ಲ. ಮುಟ್ಟು ನಿಂತ ಹೆಂಗಸರಿಗೆ ಮೈ ಸುಡ್ತದಲ್ಲ, ಅದಕ್ಕೆ ಕೊಡುವ ಬೇರು. ನನ್ನದು" ಎಂದಳು ವಾರಿಜಕ್ಕ.

ಅಷ್ಟು ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ಸಾರು ಬೇಕಾ ಎಂದು ಕೇಳುವ ದನಿಯಲ್ಲೇ. ನಂಜುಂಡಪ್ಪನವರು ಬಾಯಿಯಲ್ಲಿದ್ದದ್ದನ್ನು ನುಂಗಬೇಕೋ ಬಿಡಬೇಕೋ ತಿಳಿಯದೆ ಕೆನ್ನೆ ಉಬ್ಬಿಸಿಕೊಂಡು ಕೂತರು. ಪ್ರಶಾಂತ ಲೋಟವನ್ನು ಎಲೆಯಿಂದ ಆದಷ್ಟು ದೂರ ಸರಿಸಿ, ಗಂಡಸರು ಕುಡಿದರೆ ಏನಾಗುತ್ತದೆ ಎಂದು ನನ್ನನ್ನು ಕಣ್ಣಲ್ಲೇ ಕೇಳಿದ. ಮುಟ್ಟು ನಿಲ್ಲುತ್ತದೆ ಎಂದು ಹೇಳಿಬಿಡಬೇಕೆನಿಸಿತು. ಹೆಂಗಸರ ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು.

ವಾರಿಜಕ್ಕನ ಮಗಳು ತನ್ವಿ ಇಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಜಾತಿ. ಅಷ್ಟು ಹೊತ್ತಿಗೆ ಫೋನಿನಲ್ಲಿ ಹುಡುಕಿ ಮುಗಿಸಿದ್ದಳು.

"ರಿಲ್ಯಾಕ್ಸ್, ಅಂಕಲ್. ಮೇ ಬಿ ಸ್ಟಮಕ್ ಅಪ್‌ಸೆಟ್, ಮೇ ಬಿ ಗಿಡ್ಡಿನೆಸ್. ಯು ವಿಲ್ ಲಿವ್ ಲಾ" ಎಂದು ನಂಜುಂಡಪ್ಪನವರಿಗೆ ಹೇಳಿ, ತಾಯಿಯ ಕಡೆ ತಿರುಗಿದಳು. ಎದ್ದು ಹೋಗಿ ಮೂಲೆಯ ಫ್ಯಾನನ್ನು ಎಳೆದು ತಂದು ಅವಳ ಕಡೆಗೆ ತಿರುಗಿಸಿದಳು.

ನಂಜುಂಡಪ್ಪನವರು ಕೊನೆಗೂ ನುಂಗಿದರು.

ಡಾಕ್ಟರು ಇನ್ನೂ ಸೌಟು ಹಿಡಿದೇ ನಿಂತಿದ್ದರು. ನಾನು ಅವರ ಬಾಯಿಂದ ಥೈರಾಯ್ಡ್ ಎಂಬ ಮಾತು ಬರಲಿ ಎಂದು ಕಾಯುತ್ತಿದ್ದೆ, ಬಂದಿದ್ದರೆ ಹಪ್ಪಳದ ತಟ್ಟೆ ಅವರ ತಲೆಯ ಮೇಲಿರುತ್ತಿತ್ತು. ನನಗೆ ಗೊತ್ತೇ ಆಗಲಿಲ್ಲ ಮಾರಾಯ್ತಿ ಎಂದು ಕೈಚೆಲ್ಲುತ್ತಾರೆ, ಎಲ್ಲ ಗಂಡಂದಿರ ಹಾಗೆ ಅದರಲ್ಲೇ ಪಾರಾಗುತ್ತಾರೆ ಎಂದುಕೊಂಡೆ. ಅವರು ಹಾಗೆ ಹೇಳಲಿಲ್ಲ.

"ನನಗೆ ಗೊತ್ತಿತ್ತು" ಎಂದರು.

ವಾರಿಜಕ್ಕ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಯಾವಾಗಿನಿಂದ ಎಂದು ಕೇಳಿದಳು. ಮೊದಲಿನಿಂದಲೇ ಎಂದರು. ಅದನ್ನೇ ಪಾಠ ಮಾಡುವವನಿಗೆ ಗೊತ್ತಾಗದೆ ಇರುತ್ತದಾ, ರಕ್ತ ತೆಗೆಸಿದ್ದೆಲ್ಲ ಬೇರೆ ಏನಾದರೂ ಇರಲಿ ಎಂಬ ಆಸೆಯಿಂದ ಎಂದರು. ಅಷ್ಟು ಹೇಳುವುದರೊಳಗೆ ಅವರ ಟವೆಲ್ ಹೆಗಲಿನಿಂದ ಜಾರಿ ತಂಬುಳಿಗೆ ಬಿತ್ತು, ಅದನ್ನೂ ಅವರು ನೋಡಲಿಲ್ಲ.

"ಕೇಳಿದ್ರೆ ಅದು ಹೌದು ಅಂತ ಆಗ್ತದೆ. ಹೌದಾದ್ರೆ ನಮಗೆ ವಯಸ್ಸಾಯ್ತು ಅಂತ. ನೀನು ಹೇಳುವುದು ಬೇಡ, ನಾನು ಕೇಳುವುದು ಬೇಡ, ಹಾಗೇ ದಾಟಿ ಹೋಗ್ಲಿ ಅಂತ ಇದ್ದೆ. ನನಗೆ ಹೆದರಿಕೆ ಆಯ್ತು ವಾರಿಜಾ."

ಕೂತವರಲ್ಲಿ ಒಂದಿಬ್ಬರ ಕಣ್ಣು ಒದ್ದೆಯಾಯಿತು. ನನ್ನದೂ ಆಗುತ್ತಿತ್ತೋ ಏನೋ, ವಾರಿಜಕ್ಕ ಅವಕಾಶ ಕೊಡಲಿಲ್ಲ.

"ಹೆದರಿದ್ದು ನೀವು. ಸುಟ್ಟದ್ದು ನಾನು" ಎಂದಳು.

ಅವಳು ಬೋಗುಣಿಯಿಂದ ಟವೆಲನ್ನು ಎತ್ತಿ ಹಿಂಡಿ ಕುರ್ಚಿಯ ಬೆನ್ನಿಗೆ ಹಾಕಿದಳು. ತಳದಲ್ಲಿ ಉಳಿದಿದ್ದ ತಂಬುಳಿಯನ್ನು ಒಂದು ಲೋಟಕ್ಕೆ ಬಗ್ಗಿಸಿ ಗಂಡನ ಮುಂದೆ ಹಿಡಿದಳು. ಬಡಿಸುವ ಗಡಿಬಿಡಿಯಲ್ಲಿ ಡಾಕ್ಟರು ಸ್ವತಃ ಒಂದು ಗುಟುಕನ್ನೂ ಕುಡಿದಿರಲಿಲ್ಲ. ಬೇಡ ಡಾಕ್ಟ್ರೇ, ಟವೆಲ್ ಬಿದ್ದಿದೆ ಎಂದು ನಂಜುಂಡಪ್ಪನವರು ಕೈ ಎತ್ತಿದರು. ಡಾಕ್ಟರು ಲೋಟ ತೆಗೆದುಕೊಂಡು ನಿಂತಲ್ಲೇ ಕುಡಿದರು. ಮೊದಲ ಗುಟುಕಿಗೆ ಕಣ್ಣಲ್ಲಿ ನೀರು ಬಂತು, ಕಹಿಗೋ ಬೇರೆ ಯಾವುದಕ್ಕೋ ನಾನು ವಿಚಾರಿಸಲು ಹೋಗಲಿಲ್ಲ. ನಿಲ್ಲಿಸದೆ ತಳದವರೆಗೂ ಕುಡಿದು ಲೋಟ ಕೆಳಗಿಟ್ಟರು.

ಆಗ ವಾರಿಜಕ್ಕ ಒಂದು ಕೆಲಸ ಮಾಡಿದಳು. ನಾನು ಅವಳನ್ನು ಬಲ್ಲ ಇಷ್ಟು ವರ್ಷಗಳಲ್ಲಿ, ನೆಂಟರ ಕೈ ಒಣಗುವ ಮುಂಚೆ ಅವಳು ಊಟಕ್ಕೆ ಕೂತದ್ದಿಲ್ಲ. ಬಡಿಸಿದವಳು ಕೊನೆಯಲ್ಲಿ, ಉಳಿದದ್ದರಲ್ಲಿ, ಅಡುಗೆಮನೆಯಲ್ಲಿ ನಿಂತು ಉಣ್ಣುವುದು ಆ ಮನೆಯ ಪದ್ಧತಿ. ಅವಳು ಗಂಡಸರ ಪಂಕ್ತಿಯ ನಡುವೆ, ಡಾಕ್ಟರಿಗೆಂದು ಹಾಕಿದ್ದ ಎಲೆಯ ಮುಂದೆ, ಕುರ್ಚಿ ಎಳೆದುಕೊಂಡು ಕೂತಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ಮೆಲ್ಲಗೆ ಅಲ್ಲ, ಎಲ್ಲರಿಗೂ ಕಾಣುವ ಹಾಗೆ. ಎಲೆಗೆ ನೀರು ಚಿಮುಕಿಸಿದಳು.

"ಅನ್ನ ಬಡಿಸಿ" ಎಂದಳು.

ಡಾಕ್ಟರಿಗೆ ಅನ್ನದ ಕೈ, ಅಂದರೆ ಬಡಿಸುವ ಸಟ್ಟುಗ, ಎಲ್ಲಿದೆಯೆಂದು ಗೊತ್ತಿರಲಿಲ್ಲ. ತನ್ವಿ ತೋರಿಸಲು ಎದ್ದಳು, ನಾನು ಅವಳ ಮೊಣಕೈ ಹಿಡಿದು ಕೂರಿಸಿದೆ. ಹುಡುಕಿಕೊಂಡರು. ಪಾತ್ರೆ ತಂದು ಬಗ್ಗಿ ಒಂದು ಕೈ ಅನ್ನ ಬಡಿಸಿದರು. ಅರ್ಧ ಎಲೆಯ ಆಚೆ ಬಿತ್ತು. ಸಾಕು ಎಂದು ಅವಳು ಕೈ ಅಡ್ಡ ಹಿಡಿಯುವುದನ್ನು ಕಾದರು. ಅವಳು ಹಿಡಿಯಲಿಲ್ಲ. ಮತ್ತೊಂದು ಕೈ ಬಡಿಸಿದರು. ಅವಳು ಎಲೆಯ ಕಡೆಯೇ ನೋಡುತ್ತಾ ಸುಮ್ಮನೆ ಕೂತಿದ್ದಳು. ಸಾಕು ಎನ್ನುವವರೆಗೆ ಬಡಿಸಬೇಕು, ಅ ಆ ಇ ಈ ಬರುವ ಮುಂಚೆಯೇ ನಮ್ಮವರಿಗೆ ಬರುವ ನಿಯಮ ಅದು. ಡಾಕ್ಟರು ಇನ್ನೊಂದು ಕೈ ಹಾಕಿದರು, ಅದರ ಮೇಲೆ ಇನ್ನೊಂದು. ವಾರಿಜಕ್ಕ ಸಾಕು ಎನ್ನಲಿಲ್ಲ, ಅವರು ಬಡಿಸುತ್ತಲೇ ಇದ್ದರು.